ಅಜ್ಜಿಯ ಉತ್ತರಾಣಿ ಬೇರು

ನಮ್ಮ ಅಜ್ಜಿ ಗಿಡಗಳಿಗೆ ಬೈಯುತ್ತಿದ್ದಳು. ಹೂ ಬಿಡದ ಗಿಡಕ್ಕೆ ಬೈಯುವುದು ಬೇರೆ ಮಾತು, ಅದನ್ನು ಎಲ್ಲರೂ ಮಾಡುತ್ತಾರೆ. ಇವಳು ಚೆನ್ನಾಗಿ ಬೆಳೆದ ಗಿಡಕ್ಕೇ ಬೈಯುವವಳು. "ಏನೇ, ಹಿಂಗೆ ಮೈ ತುಂಬ್ಕೊಂಡು ನಿಂತಿದ್ದೀಯಾ? ಯಾರ ಕಣ್ಣಾದ್ರೂ ಬಿದ್ದಾತು, ಒಸಿ ತಲೆ ತಗ್ಗಿಸ್ಕೊಂಡಿರು" ಎಂದು ದೊಡ್ಡಪತ್ರೆಯ ಪೊದೆಗೆ ಹೇಳಿ, ಅದರ ಬುಡಕ್ಕೆ ಒಂದು ಹಿಡಿ ಒಲೆ ಬೂದಿ ಎರಚಿ ಬರುತ್ತಿದ್ದಳು. ನನಗೆ ಆಗ ಹನ್ನೊಂದು ವರ್ಷ. ಅವಳ ಸೆರಗು ಹಿಡಿದುಕೊಂಡು ಹಿತ್ತಲೆಲ್ಲ ತಿರುಗುವುದೇ ನನ್ನ ಕೆಲಸ. ಗಿಡಕ್ಕೆ ಕಿವಿ ಕೇಳಿಸುತ್ತದಾ ಎಂದು ಕೇಳಿದರೆ, "ನಿಂಗಿಂತ ಚೆನ್ನಾಗಿ ಕೇಳುಸ್ತದೆ, ಹೇಳಿದ ಮಾತೂ ಕೇಳ್ತದೆ" ಎನ್ನುತ್ತಿದ್ದಳು.

ನಮ್ಮದು ಹೊಂಗನೂರಿಗೆ ನಡೆದು ಹೋಗಿ ಬರುವಷ್ಟು ಹತ್ತಿರದ ಒಂದು ಹಳ್ಳಿ. ಮೈಸೂರು ದೊರೆಗಳ ಕಾಲ. ಗಾಡಿ ಹೂಡಿದರೆ ಚನ್ನಪಟ್ಟಣಕ್ಕೆ ಎರಡು ಗಂಟೆಯ ದಾರಿ. ಅಲ್ಲಿ ರೈಲಿತ್ತು, ಕಚೇರಿಯಿತ್ತು, ಸರ್ಕಾರದ ಆಸ್ಪತ್ರೆಯಿತ್ತು. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ ಇದ್ದಾರೆ ಎಂದೂ ಕೇಳಿದ್ದೆವು. ಕೇಳಿದ್ದೆವು, ಅಷ್ಟೇ. ಹೆರಿಗೆಗೆಂದು ಅಲ್ಲಿಗೆ ಹೋದ ಹೆಂಗಸು ನಮ್ಮೂರಿನಲ್ಲಿ ಒಬ್ಬಳೂ ಇರಲಿಲ್ಲ. ನಮ್ಮೂರಿಗೆ ಆಸ್ಪತ್ರೆ ಎಂದರೆ ನಮ್ಮ ಹಿತ್ತಲು, ನರ್ಸಮ್ಮ ಎಂದರೆ ನಮ್ಮಜ್ಜಿ.

ಬಚ್ಚಲ ನೀರು ಹರಿದುಹೋಗುವ ಕಡೆ ಒಂದೆಲಗ, ಬಜೆ. ಅದರಾಚೆ ದೊಡ್ಡಪತ್ರೆ, ಕಾಮಕಸ್ತೂರಿ, ಮರುಗ. ಬೇಲಿಯುದ್ದಕ್ಕೂ ಲಕ್ಕಿ ಗಿಡ. ಬೇವಿನ ಮರಕ್ಕೆ ಹಬ್ಬಿಸಿದ ಅಮೃತಬಳ್ಳಿ. ತುಂಬೆ, ನೆಲನೆಲ್ಲಿ ತಾವಾಗಿಯೇ ಹುಟ್ಟಿಕೊಳ್ಳುತ್ತಿದ್ದವು, ಕಳೆ ಎಂದು ಅವನ್ನು ಕಿತ್ತವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಒಮ್ಮೆ ಅಪ್ಪ ಗುದ್ದಲಿ ಹಿಡಿದು ಹಿತ್ತಲು ಚೊಕ್ಕಟ ಮಾಡಲು ಹೋಗಿ ಅಜ್ಜಿಯ ಬಾಯಿಗೆ ಸಿಕ್ಕಿದ. ಊರ ಪಂಚಾಯ್ತಿಯಲ್ಲಿ ನಾಲ್ಕು ಜನರ ಎದುರು ಗಟ್ಟಿಯಾಗಿ ಮಾತಾಡುವ ಮನುಷ್ಯ, ಗುದ್ದಲಿಯನ್ನು ಅಲ್ಲೇ ಬಿಟ್ಟು ಹೊಲದ ಕಡೆ ಹೋದ.

ಮಕ್ಕಳಿಗೆ ಕೆಮ್ಮು ಬಂದರೆ ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ನೆಕ್ಕಿಸುವುದು. ಅದು ಮದ್ದು. ಅದರ ಜೊತೆಗೆ ಇನ್ನೊಂದು ಎಲೆಯನ್ನು ಮಗುವಿನ ತಲೆಯ ಸುತ್ತ ಮೂರು ಸಲ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಎಲೆ ಚಟಪಟ ಎಂದರೆ ದೃಷ್ಟಿಯಾಗಿದೆ, ಸುಮ್ಮನೆ ಸುಟ್ಟರೆ ಬರೀ ಶೀತ. ನೀರು ತುಂಬಿದ ಹಸಿ ಎಲೆ ಬೆಂಕಿಗೆ ಬಿದ್ದರೆ ಚಟಪಟ ಎನ್ನದೆ ಇನ್ನೇನು ಮಾಡುತ್ತದೆ! ಈಗ ನಗು ಬರುತ್ತದೆ. ಆಗ ನಾನೂ ಉಸಿರು ಬಿಗಿಹಿಡಿದು ಒಲೆಯನ್ನೇ ನೋಡುತ್ತ ಕೂರುತ್ತಿದ್ದೆ.

ಬಜೆಯ ಬೇರನ್ನು ಮಣಿಯ ಹಾಗೆ ಕೊರೆದು ದಾರಕ್ಕೆ ಕೋದು ಕೂಸಿನ ಮುಂಗೈಗೆ ಕಟ್ಟಿದರೆ ಕೂಸು ಬೆಚ್ಚಿಬೀಳುವುದಿಲ್ಲ. ಬಾಣಂತಿಯ ಚಾಪೆಯ ಕೆಳಗೆ ಲಕ್ಕಿ ಸೊಪ್ಪು ಹಾಸಿದರೆ ನೋವೂ ಹೋಗುತ್ತದೆ, ಕೆಟ್ಟ ಗಾಳಿಯೂ ಹತ್ತಿರ ಸುಳಿಯುವುದಿಲ್ಲ. ತಲೆಬಾಗಿಲ ಮೇಲೆ ಬೇರು ಮೇಲಾಗಿ ನೇತುಹಾಕಿದ ಲೋಳೆಸರ ಮಣ್ಣು ನೀರಿಲ್ಲದೆ ಹಸಿರಾಗಿ ಇರುವಷ್ಟು ದಿನ ಮನೆಗೆ ಯಾರ ಕಣ್ಣೂ ತಾಗುವುದಿಲ್ಲ. ಹೊತ್ತು ಮುಳುಗಿದ ಮೇಲೆ ಮರುಗ ಮುಡಿದರೆ ಮದುವೆಯಾಗದ ಹುಡುಗಿಯರಿಗೆ ಗಾಳಿ ಮೆಟ್ಟಿಕೊಳ್ಳುತ್ತದೆ. ನೋಡಿಯೇಬಿಡೋಣ ಎಂದು ನಾನೊಮ್ಮೆ ಬೇಕೆಂತಲೇ ಮುಡಿದು ಬೇವಿನ ಮರದ ಕೆಳಗೆ ನಿಂತಿದ್ದೆ. ಅವ್ವ ಬಂದು ಜಡೆ ಹಿಡಿದು ಎಳೆದುಕೊಂಡು ಹೋದಳೇ ಹೊರತು ಗಾಳಿ ಯಾವುದೂ ಬರಲಿಲ್ಲ.

ಇಷ್ಟೆಲ್ಲ ಸೊಪ್ಪು ಮುಟ್ಟುವ ಅಜ್ಜಿ ನಮ್ಮ ರೇಷ್ಮೆ ಹುಳದ ಮನೆಗೆ ಮಾತ್ರ ಕಾಲಿಡುತ್ತಿರಲಿಲ್ಲ. ಹುಳಕ್ಕೆ ಲಕ್ಕಿಯ ಘಾಟು ಆಗದು. ತೀರಾ ಹೋಗಲೇಬೇಕಾಗಿ ಬಂದರೆ ಬೂದಿ ಹಚ್ಚಿ ಕೈ ತೊಳೆದು, ಸೀರೆ ಬದಲಾಯಿಸಿ, ಬಾಗಿಲಲ್ಲೇ ನಿಂತು ಅವ್ವನಿಗೆ ಏನು ಹೇಳಬೇಕೋ ಹೇಳಿ ಬರುತ್ತಿದ್ದಳು. ಮದ್ದಿನ ಕೈ ಎಲ್ಲ ಜೀವಕ್ಕೂ ಒಗ್ಗುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಿತ್ತಲಿಗೆ ಅವಳದೇ ಕಾಯಿದೆಗಳಿದ್ದವು. ದೀಪ ಹಚ್ಚಿದ ಮೇಲೆ ಎಲೆ ಮುಟ್ಟಬಾರದು, ಗಿಡ ಮಲಗಿರುತ್ತದೆ. ಬರೀ ಸೊಪ್ಪಾದರೆ ಒಂದು ಮಾತು ಕೇಳಿ ಕಿತ್ತರೆ ಸಾಕು. ಬೇರು ಬೇಕಾದರೆ ಹಿಂದಿನ ದಿನವೇ ಹೋಗಿ ಗಿಡಕ್ಕೆ ಅರಿಶಿನ ಕುಂಕುಮ ಇಟ್ಟು, ಅರಿಶಿನದ ದಾರ ಕಟ್ಟಿ, "ನಾಳೆ ಬತ್ತೀನಿ ಕಣವ್ವ, ಇಂಥೋಳಿಗೆ ಬೇಕು, ಒಸಿ ಮನಸು ಮಾಡು" ಎಂದು ಹೇಳಿ ಬರಬೇಕು. ಆಮೇಲೆ ಬಗ್ಗಿ ಅಜ್ಜಿ ಇನ್ನೂ ಏನೋ ಪಿಸುಗುಟ್ಟುತ್ತಿದ್ದಳು. ಅದು ಯಾರಿಗೂ ಕೇಳಿಸುವ ಹಾಗಿರಲಿಲ್ಲ.

ಉತ್ತರಾಣಿಯ ಕಾಯಿದೆ ಎಲ್ಲಕ್ಕಿಂತ ಬಿಗಿ. ಉತ್ತರಾಣಿ ನಿಮಗೆ ಗೊತ್ತೇ ಇದೆ, ಹೊಲದ ಬದುವಿನಲ್ಲಿ ನಡೆದರೆ ಸೀರೆಗೆ ಅಂಟಿಕೊಂಡು ಬರುವ ಮುಳ್ಳುಕಾಳಿನ ಗಿಡ. ನಮ್ಮ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಅಜ್ಜಿ ಅದರ ಒಂದು ಗುಂಪನ್ನು ಕೊಯ್ಯಲು ಬಿಡದೆ ಉಳಿಸಿಕೊಂಡಿದ್ದಳು. ಹೆರಿಗೆ ಕಷ್ಟವಾದ ಹೆಂಗಸಿನ ಎಡತೊಡೆಗೆ ಅದರ ಬೇರು ಕಟ್ಟಿದರೆ ಮಗು ಜಾರಿ ಬರುತ್ತದೆ ಎಂದು ನಂಬಿಕೆ. ಅಗೆಯಲು ಕಬ್ಬಿಣ ತಾಗಿಸಬಾರದು, ಮರದ ಗೂಟದಲ್ಲೇ ಅಗೆಯಬೇಕು. ತರುವವಳು ಇನ್ನೂ ಮೈನೆರೆಯದ ಹುಡುಗಿಯಾಗಿರಬೇಕು. ಬೇರು ಕಿತ್ತ ಗಳಿಗೆಯಿಂದ ಅದನ್ನು ಅಜ್ಜಿಯ ಕೈಗೆ ಇಡುವವರೆಗೆ ಆ ಹುಡುಗಿ ಒಂದು ಮಾತೂ ಆಡಬಾರದು. ಆಡಿದರೆ ಬೇರು ಸತ್ತಂತೆ, ಆಮೇಲೆ ಅದು ಬರೀ ಕಡ್ಡಿ.

ಸರಿಯಾಗಿ ತಂದ ಬೇರನ್ನು ಕಟ್ಟಿದ ಮೇಲೆ ಅದು ತನ್ನ ಕೆಲಸ ಮುಗಿಸುವ ತನಕ ಬಿಚ್ಚುವಂತಿಲ್ಲ. ಮಗು ನೆಲಕ್ಕೆ ಬಿದ್ದ ತಕ್ಷಣ ಬಿಚ್ಚಬೇಕು, ಇಲ್ಲದಿದ್ದರೆ ಕರುಳೂ ಹಿಂದೆಯೇ ಬರುತ್ತದೆ. ಅದಕ್ಕೆ ಮುಂಚೆ ಬಿಚ್ಚಿದರೆ ಬೇರು ಮುನಿಯುತ್ತದೆ, ಕಟ್ಟಿದ ಕೈಗೆ ಮತ್ತೆಂದೂ ಒಲಿಯುವುದಿಲ್ಲ. ಬೇರು ಮೈಮೇಲೆ ಇರುವಾಗ ಬಸುರಿ ಹೊಸಿಲು ದಾಟುವಂತೆಯೂ ಇಲ್ಲ. ಇವೆಲ್ಲ ನಮ್ಮ ಕೇರಿಯ ಹೆಂಗಸರಿಗೆ, ಮಕ್ಕಳಿಗೆ ಬಾಯಿಪಾಠ.

ನನಗೆ ಇದೆಲ್ಲ ಬೇಕಾಗಿತ್ತು. ಒಡವೆ ಬೇಡ, ಹೊಸ ಲಂಗ ಬೇಡ, ಅಜ್ಜಿ ಗಿಡದ ಕಿವಿಯಲ್ಲಿ ಹೇಳುವ ಆ ಮಾತು ಬೇಕಾಗಿತ್ತು. ಅವಳೂ ಆಸೆ ಹುಟ್ಟಿಸಿದ್ದಳು. ನಾನು ನೆಟ್ಟ ಕಡ್ಡಿಯೆಲ್ಲ ಚಿಗುರುತ್ತಿದ್ದುದನ್ನು ನೋಡಿ, "ಈ ಮುಂಡೇದಕ್ಕೆ ಬಾಯಿ ಜಾಸ್ತಿ, ಆದ್ರೆ ಕೈಗುಣ ಐತೆ. ಒಂದಿನ ಇವಳಿಗೇ ಹೇಳ್ಕೊಟ್ಬುಟ್ಟು ಹೋಯ್ತೀನಿ" ಎಂದು ಬಂದವರ ಎದುರಿಗೆಲ್ಲ ಹೇಳುತ್ತಿದ್ದಳು. ಆ ಮಾತು ಕೇಳಿದ ದಿನ ನನ್ನನ್ನು ಹಿಡಿಯುವವರೇ ಇರುತ್ತಿರಲಿಲ್ಲ.

ಆ ವರ್ಷ ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಅವಳನ್ನು ಕನಕಪುರದ ಕಡೆ ಕೊಟ್ಟಿತ್ತು. ಹದಿನಾರು ತುಂಬಿ ಹದಿನೇಳು. ಮೊದಲಿಂದಲೂ ಕಡ್ಡಿಯಂಥವಳು, ಹೊಟ್ಟೆ ಮಾತ್ರ ಮುಂದೆ ಬಂದು ಕೈಕಾಲು ಹಾಗೇ ಉಳಿದಿದ್ದವು. ನಾವಿಬ್ಬರೂ ಜಗಳ ಆಡದ ದಿನವಿಲ್ಲ. ನಾನು ಮಾತಿಗೆ ಒಂದು ಹೆಚ್ಚು ಹೇಳುವವಳು, ಅವಳು ಸುಮ್ಮನೆ ಹಿಂದಿನಿಂದ ಬಂದು ಚಿವುಟುವವಳು. ಆದರೂ ರಾತ್ರಿ ಒಂದೇ ಕಂಬಳಿಯೊಳಗೆ ಮಲಗಬೇಕು. ಅವಳ ಹೊಟ್ಟೆಯಲ್ಲಿ ಕೂಸು ಒದೆಯುವುದನ್ನು ನಾನು ಕೈಯಿಟ್ಟು ನೋಡಬೇಕು.

ನೋವು ಶುರುವಾದದ್ದು ಒಂದು ಬೆಳಗ್ಗೆ. ಇಡೀ ದಿನ ಅಜ್ಜಿ ಎಣ್ಣೆ ನೀವಿದಳು, ಜೀರಿಗೆ ಕಷಾಯ ಕುಡಿಸಿದಳು, ತೋಳು ಹಿಡಿದು ನಡುಮನೆಯಲ್ಲಿ ನಡೆಸಿದಳು. ಹೊತ್ತು ಇಳಿಯುವ ಮುಂಚೆ ತೋಟದ ಅಂಚಿಗೆ ಹೋಗಿ ಉತ್ತರಾಣಿಗೆ ಹೇಳಿ ಬಂದಳು. ಮಾರನೆಯ ಬೆಳಗ್ಗೆ ನನ್ನ ಹಣೆಗೆ ವಿಭೂತಿ ಹಚ್ಚಿ, ಕೈಗೆ ಮರದ ಗೂಟ ಕೊಟ್ಟು, "ಬಾಯಿ ಬಿಟ್ಟೀಯಾ ಜೋಕೆ. ನಿಮ್ಮಕ್ಕನ ಜೀವ ನಿನ್ನ ನಾಲಗೆ ಮೇಲೈತೆ" ಎಂದು ಕಳಿಸಿದಳು.

ಆ ದಿನ ನಾನು ಬಾಯಿ ಬಿಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಇದನ್ನು ನಂಬುವವರು ಯಾರೂ ಉಳಿಯಲಿಲ್ಲ. ಬೇರು ಕಿತ್ತವಳೇ ಲಂಗದ ಅಂಚನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿಕೊಂಡೆ. ಬಾವಿಯ ಹತ್ತಿರ ನನ್ನ ವಾರಗೆಯ ಹುಡುಗಿಯೊಬ್ಬಳು, ನನ್ನ ಹಳೆಯ ಶತ್ರು, "ಏನೇ, ಮೂಗಿ ಆಗ್ಬುಟ್ಟಾ? ನಿಮ್ಮಜ್ಜಿ ನಾಲಗೆ ಕುಯ್ದು ನೆಟ್ಟವ್ಳಾ ಹಿತ್ತಲಲ್ಲಿ?" ಎಂದು ಕೊಡ ಇಳಿಸಿ ನಕ್ಕಳು. ಬೇರೆ ದಿನವಾಗಿದ್ದರೆ ಅವಳ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದೆ. ಕಣ್ಣಲ್ಲಿ ನೀರು ಬಂತು ಸಿಟ್ಟಿಗೆ, ಆದರೂ ಅಂಚು ಬಿಡಲಿಲ್ಲ. ನಮ್ಮ ಬೀದಿ ತಿರುಗುವ ಕಡೆ ಮೂಲೆಮನೆಯ ದೊಡ್ಡವ್ವ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ರಕ್ತಸಂಬಂಧವಲ್ಲ, ನೆರೆಮನೆಯ ಹಿರಿಯಳು, ಬೀದಿಯ ಮಕ್ಕಳಿಗೆಲ್ಲ ದೊಡ್ಡವ್ವ. ನನ್ನ ಮುಖ, ಬಾಯಲ್ಲಿನ ಬಟ್ಟೆ, ಮುಷ್ಟಿಯೊಳಗಿನ ಬೇರು ನೋಡಿದಳು. ಮೊರ ಆಡಿಸುವುದನ್ನು ನಿಲ್ಲಿಸಿ, ನಾನು ದಾಟಿ ಹೋಗುವ ತನಕ ತಾನೂ ಉಸಿರೆತ್ತಲಿಲ್ಲ.

ಬೇರು ಕಟ್ಟಿದ್ದಾಯಿತು. ಬಿಸಿಲು ಅಂಗಳದ ನಡುವಿಗೆ ಬಂತು, ಕಂಬದ ಕಡೆಗೆ ವಾಲಿತು. ಅಕ್ಕ ಮೊದಲು ಕೂಗುತ್ತಿದ್ದಳು, ಆಮೇಲೆ ನರಳುತ್ತಿದ್ದಳು, ಆಮೇಲೆ ಅದೂ ನಿಂತಿತು. ಅಪ್ಪ ಎರಡು ಸಲ ಎತ್ತುಗಳನ್ನು ನೊಗಕ್ಕೆ ಕಟ್ಟಿ ಎರಡು ಸಲ ಬಿಚ್ಚಿದ. "ಅವ್ವ, ಪಟ್ಟಣಕ್ಕೆ ಹೊಡಕೊಂಡು ಹೋಗ್ಲಾ?" ಎಂದು ಬಾಗಿಲ ಹೊರಗಿನಿಂದ ಅಜ್ಜಿಯನ್ನು ಕೇಳಿದ.

"ಬೇರು ಕಟ್ಟೈತೆ ಕಣ್ಲಾ" ಎಂದಳು ಅಜ್ಜಿ ಒಳಗಿನಿಂದ. "ಹೊಸಿಲು ದಾಟ್ಸೋಕೆ ಆಯ್ತದಾ? ಸುಮ್ಕಿರು, ಬತ್ತದೆ."

ಅಪ್ಪ ಎತ್ತುಗಳ ಕಡೆ ತಿರುಗಿ ಹೋದ. ಅವ್ವ ಒಲೆಯ ಮುಂದೆ ಕೂತು, ಆಗಲೇ ಕುದಿಯುತ್ತಿದ್ದ ನೀರಿಗೆ ಸೌದೆ ಒಟ್ಟುತ್ತಲೇ ಇದ್ದಳು. ಅಜ್ಜಿಯ ಮೇಲೆ ನನಗೆ ಈಗಲೂ ಪೂರ್ತಿ ಸಿಟ್ಟು ಬರುವುದಿಲ್ಲ. ಆ ಬೇರು ಎಷ್ಟೋ ಮನೆಗಳಲ್ಲಿ ಫಲಿಸಿತ್ತು, ಅಥವಾ ಬೇರು ಕಟ್ಟಿದ ಮೇಲೆ ಎಷ್ಟೋ ಕೂಸುಗಳು ಹುಟ್ಟಿದ್ದವು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳುವವರು ಆಗ ಯಾರಿದ್ದರು? ಅವಳ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ತುಟಿ ಅಲುಗುತ್ತಲೇ ಇತ್ತು.

ಅಕ್ಕ ಕೇಳಿದಳೆಂದು ನನ್ನನ್ನು ಒಳಗೆ ಬಿಟ್ಟರು. ತುಟಿ ಒಣಗಿ ಬಿಳಿಯ ಪೊರೆ ಕಟ್ಟಿತ್ತು. ನನ್ನ ಮಣಿಕಟ್ಟು ಹಿಡಿದಳು, ಆ ಹಿಡಿತದಲ್ಲಿ ಬಲವೇ ಇರಲಿಲ್ಲ. "ಸೊಂಟದಿಂದ ಕೆಳಗೆ ಏನೂ ಗೊತ್ತಾಯ್ತಿಲ್ಲ ಕಣೆ. ಗಾಡಿ ಹೂಡು ಅಂತ ಅಪ್ಪಂಗೆ ಹೇಳೆ" ಎಂದಳು. ನನ್ನನ್ನು ಚಿವುಟುತ್ತಿದ್ದ ಬೆರಳುಗಳೇ ಅವು. ಇವಳು ಸತ್ತುಹೋಗುತ್ತಾಳೆ ಎಂದು ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು, ಯಾರೋ ಬಂದು ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ.

ಬೇರು ಜೀವಂತ ಇರುವ ತನಕ ಅಜ್ಜಿ ಅದನ್ನು ಬಿಚ್ಚಲಾರಳು. ಬಿಚ್ಚದೆ ಅಕ್ಕ ಹೊಸಿಲು ದಾಟಲಾರಳು. ಅಜ್ಜಿಗೆ ಎದುರಾಡುವ ಗಂಡಸೂ ಮನೆಯಲ್ಲಿಲ್ಲ, ಹೆಂಗಸೂ ಇಲ್ಲ. ಬೇರು ಸತ್ತಿದ್ದರೆ? ಸತ್ತ ಬೇರಿಗೆ ಯಾವ ಕಾಯಿದೆಯೂ ಇಲ್ಲ. ಅದನ್ನು ಸಾಯಿಸುವುದು ನನ್ನೊಬ್ಬಳ ಕೈಯಲ್ಲೇ ಇತ್ತು. ಇಷ್ಟನ್ನು ಕೂತು ಲೆಕ್ಕ ಹಾಕಿದೆ ಎಂದರೆ ಜಂಬ ಆದೀತು. ಬಾಯಿಗೆ ಬಂತು, ಅಂದುಬಿಟ್ಟೆ.

"ಅಜ್ಜಿ, ನಾನು ದಾರೀಲಿ ಮಾತಾಡ್ಬುಟ್ಟೆ."

ಅಜ್ಜಿ ತಿರುಗಿದಳು. "ಏನಂದೆ?"

"ಬೇರು ತರೋವಾಗ. ಮಾತಾಡ್ಬುಟ್ಟೆ. ಹೇಳಿದ್ರೆ ಹೊಡೀತೀಯ ಅಂತ ಸುಮ್ಕಿದ್ದೆ."

"ಯಾರತ್ರ?"

ಅದನ್ನು ನಾನು ಯೋಚಿಸಿರಲಿಲ್ಲ. ಬಾವಿ ಹತ್ತಿರದ ಹುಡುಗಿಯ ಹೆಸರು ಹೇಳಬಹುದಿತ್ತು, ಅವಳಂತೂ ಇಲ್ಲವೇ ಇಲ್ಲ ಎಂದು ಊರು ಒಂದು ಮಾಡಿಬಿಡುತ್ತಿದ್ದಳು. ಕಣ್ಣೆತ್ತಿದೆ. ಮೂಲೆಮನೆಯ ದೊಡ್ಡವ್ವ ಸಹಾಯಕ್ಕೆಂದು ಬಂದು, ಹೊಸಿಲ ಆಚೆ ಬಿಸಿನೀರಿನ ಚರಿಗೆ ಹಿಡಿದು ನಿಂತಿದ್ದಳು. ಕಣ್ಣಿಗೆ ಬಿದ್ದವಳು ಅವಳೊಬ್ಬಳೇ. "ದೊಡ್ಡವ್ವನತ್ರ" ಎಂದೆ.

ಅಜ್ಜಿ ನನ್ನನ್ನು ಬಿಟ್ಟು ಅವಳ ಕಡೆ ನೋಡಿದಳು. "ನಿಜವೇನೇ?"

ನಾನು ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವಳು ಆಕೆ. ಒಂದು ಮಾತು, "ಇಲ್ಲ" ಎಂಬ ಒಂದೇ ಮಾತು ಆಕೆಯ ಬಾಯಿಂದ ಬಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ದೊಡ್ಡವ್ವ ಚರಿಗೆಯನ್ನು ಕೆಳಗಿಟ್ಟಳು. ಒಳಗೆ ಚಾಪೆಯ ಮೇಲಿದ್ದ ಅಕ್ಕನನ್ನು ನೋಡಿದಳು.

"ಹೂಂ ಕಣವ್ವ" ಎಂದಳು. "ನಾನೇ ಕೂಗಿ ಮಾತಾಡುಸ್ದೆ. ಏನು ಮಗ, ನಿಮ್ಮಕ್ಕ ಎಂಗವ್ಳೆ ಅಂತ ಕೇಳ್ದೆ. ಬೇರು ಅಂತ ನಂಗೆ ತಿಳೀನಿಲ್ಲ."

ಅಜ್ಜಿಯ ಕೈ ನನ್ನ ಕೆನ್ನೆಗೆ ಬಿತ್ತು. ಆ ಏಟಿಗೆ ಗೋಡೆಗೆ ಹೋಗಿ ತಾಗಿದೆ. ಆದರೆ ನಾನು ಅವಳ ಇನ್ನೊಂದು ಕೈಯನ್ನು ನೋಡುತ್ತಿದ್ದೆ. ಅದು ಆಗಲೇ ಅಕ್ಕನ ತೊಡೆಯ ದಾರ ಹುಡುಕುತ್ತಿತ್ತು. ಗಂಟು ಬಿಚ್ಚಲಿಲ್ಲ, ಹಲ್ಲಿನಲ್ಲಿ ಕಚ್ಚಿ ಹರಿದೇಬಿಟ್ಟಳು. ಬೇರನ್ನು ಅಂಗಳಕ್ಕೆ ಎಸೆದು, "ಹೂಡ್ಲಾ ಗಾಡಿಯ! ಏನು ನೋಡ್ತಾ ನಿಂತಿದ್ದೀಯಾ?" ಎಂದು ಅಪ್ಪನ ಮೇಲೆ ಕೂಗಿದ ದನಿ ಬೀದಿಯ ಕೊನೆಗೆ ಕೇಳಿಸಿರಬೇಕು. ಅವಳಿಗೂ ಆ ದಾರ ಹರಿಯುವುದು ಎಷ್ಟು ಬೇಕಾಗಿತ್ತು ಎಂದು ನನಗೆ ಆಗ ಅರ್ಥವಾಗಲಿಲ್ಲ, ಈಗ ಅರ್ಥವಾಗುತ್ತದೆ.

ಗಾಡಿಗೆ ಹುಲ್ಲು ಹಾಸಿ, ಕಂಬಳಿ ಹಾಕಿ, ಅಕ್ಕನನ್ನು ಎತ್ತಿ ಮಲಗಿಸಿದರು. ಅವ್ವ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಪ್ಪ ಎತ್ತುಗಳ ಹಗ್ಗ ಹಿಡಿದು ಮುಂದೆ ನಡೆದ. ಅಜ್ಜಿ ಹೋಗಲಿಲ್ಲ. ಅಂಗಳದಲ್ಲಿ ಬಿದ್ದ ಬೇರನ್ನು ದಾಟಿ ಹೋಗಿ ದೇವರ ಗೂಡಿನ ಮುಂದೆ ಕೂತವಳು ಎದ್ದದ್ದು ಮಾರನೆಯ ದಿನ, ಅಪ್ಪ ಸುದ್ದಿ ತಂದಾಗಲೇ.

ಕೂಸು ಉಳಿಯಲಿಲ್ಲ. ಗಂಡು ಕೂಸು, ಹೊಟ್ಟೆಯಲ್ಲೇ ಹೋಗಿತ್ತಂತೆ. ಅಕ್ಕ ಉಳಿದಳು. ಇನ್ನೊಂದು ಗಂಟೆ ತಡವಾಗಿದ್ದರೆ ತಾಯಿಯೂ ಇಲ್ಲವಾಗುತ್ತಿದ್ದಳು ಎಂದು ನರ್ಸಮ್ಮ ಅಪ್ಪನಿಗೆ ಹೇಳಿದರಂತೆ. ಅಪ್ಪ ಅದನ್ನು ಹೇಳುತ್ತ ಜಗಲಿಯ ಮೇಲೆ ಕುಸಿದು ಕೂತು ಅತ್ತ. ನಾನೂ ಅತ್ತೆ, ಅಕ್ಕ ಬದುಕಿದಳಲ್ಲ ಎಂದು ಸಂತೋಷಕ್ಕೆ. ಅಜ್ಜಿ ಕಣ್ಣೊರೆಸಿಕೊಂಡು, "ಬೇರು ಕೆಡದೆ ಇದ್ದಿದ್ರೆ ಎರಡು ಜೀವವೂ ಉಳೀತಿದ್ದೋ" ಎಂದಳು.

ಅದೇ ಊರಿನ ಮಾತಾಯಿತು. ನನ್ನ ನಾಲಗೆ ಅಕ್ಕನ ಕೂಸನ್ನು ತಿಂದಿತು ಎಂದು ಬಾವಿಯ ಹತ್ತಿರ ಆಡಿಕೊಂಡರು. ಅಕ್ಕನೂ ನಂಬಿದಳು. ಮನೆಗೆ ಬಂದ ಮೇಲೆ ಎಷ್ಟೋ ದಿನ ನನ್ನ ಕಡೆ ತಿರುಗಿ ಮಲಗಲಿಲ್ಲ. ಮುಂದೆ ಅವಳಿಗೆ ನಾಲ್ಕು ಮಕ್ಕಳಾದವು, ನಾಲ್ಕೂ ಆಸ್ಪತ್ರೆಯಲ್ಲೇ. ಆ ಮೊದಲನೆಯದರ ಮಾತು ಬಂದಾಗಲೆಲ್ಲ ನನ್ನನ್ನು ಒಂದು ಥರ ನೋಡುತ್ತಿದ್ದಳು. ನಿಜ ಹೇಳಿದರೆ ಅಜ್ಜಿಯ ಬೇರು ಸುಳ್ಳಾಗುತ್ತದೆ. ಅವಳಿಗೆ ಆ ಬೇರು ಬಿಟ್ಟರೆ ಬೇರೆ ಏನಿತ್ತು? ಕೋಪ ಬಂದಾಗ ಹೇಳಿಬಿಡಬೇಕು ಎಂದು ಅಜ್ಜಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಮುಖ ನೋಡಿದ ಮೇಲೆ ವಾಪಸ್ಸು ಬರುತ್ತಿದ್ದೆ.

ಹಿತ್ತಲು ನನಗೆ ಮುಚ್ಚಿಹೋಯಿತು. ಅಜ್ಜಿ ಮತ್ತೆ ಹೊಡೆಯಲಿಲ್ಲ, ಬೈಯಲಿಲ್ಲ, ಸುಮ್ಮನೆ ನನ್ನ ಕೈಯಿಂದ ಒಂದು ಎಲೆಯನ್ನೂ ತರಿಸಿಕೊಳ್ಳುವುದನ್ನು ನಿಲ್ಲಿಸಿದಳು. ಗಿಡಕ್ಕೆ ಹೇಳುವ ಮಾತನ್ನು ಮುಂದೆ ನಮ್ಮ ಚಿಕ್ಕಪ್ಪನ ಮಗಳಿಗೆ ಹೇಳಿಕೊಟ್ಟಳು. ಆ ಹುಡುಗಿಗೆ ಲಕ್ಕಿಗೂ ಬೇವಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಬಾಯಿ ಮಾತ್ರ ಮುಚ್ಚಿಕೊಂಡಿರುತ್ತಿದ್ದಳು. ಬೇಲಿಯ ಈಚೆ ನಿಂತು ಅವರಿಬ್ಬರು ಬಗ್ಗಿ ಪಿಸುಗುಡುವುದನ್ನು ನೋಡಿ ನಾನು ಹೊಟ್ಟೆಕಿಚ್ಚಿನಿಂದ ಬೆಂದುಹೋದೆ. ಇಂಥದ್ದೊಂದು ಆಸೆ ನನಗೆ ಆಮೇಲೆ ಯಾವುದರ ಮೇಲೂ ಹುಟ್ಟಲಿಲ್ಲ.

ನನ್ನ ಪಾಡೇ ವಾಸಿ. ನನ್ನದು ಹುಡುಗಾಟದ ತಪ್ಪು ಎಂದಾದರೂ ಕೆಲವರು ಅಂದರು. ದೊಡ್ಡವ್ವನಿಗೆ ಆ ರಿಯಾಯಿತಿಯೂ ಸಿಗಲಿಲ್ಲ. ಕೇರಿಯಲ್ಲಿ ಯಾರಿಗೆ ನೋವು ಬಂದರೂ ಆಕೆಯನ್ನು ಕರೆ ಎನ್ನುವವರಿಲ್ಲ. ತೊಟ್ಟಿಲು ಹಾಕುವ ದಿನ ಆಕೆಯ ಮನೆಯೊಂದನ್ನು ಬಿಟ್ಟು ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು. ಬಸುರಿಯರು ಆಕೆ ಎದುರು ಬಂದರೆ ಪಕ್ಕದ ಓಣಿಗೆ ತಿರುಗುತ್ತಿದ್ದರು. ಆಕೆ ಮಾತ್ರ ಮೊದಲಿನ ಹಾಗೇ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಕೆಮ್ಮು ಬಂದರೆ ನಮ್ಮ ಹಿತ್ತಲ ಬಾಗಿಲಿಗೇ ಬಂದು, ಅಜ್ಜಿಯ ಕೈಯಿಂದ ದೊಡ್ಡಪತ್ರೆ ಇಸಿದುಕೊಂಡು ಹೋಗುತ್ತಿದ್ದಳು. ಅಜ್ಜಿ ಮುಖ ಗಂಟು ಹಾಕಿಕೊಂಡೇ ಕೊಡುತ್ತಿದ್ದಳು.

ಹದಿನಾಲ್ಕಕ್ಕೆ ನನಗೆ ಮಾಗಡಿ ಸೀಮೆಯ ಕುದೂರಿಗೆ ಗಂಡು ಗೊತ್ತಾಯಿತು. ಮದುವೆಯ ಹಿಂದಿನ ವಾರ ಬೀದಿಯ ಮನೆಯವರೆಲ್ಲ ಕರೆದು ಊಟ ಹಾಕಿ, ತಲೆಗೆ ಹೂ ಮುಡಿಸಿ ಕಳಿಸಿದರು. ಮೂಲೆಮನೆಗೆ ಹೋಗಬಾರದು, ಮದುವೆ ಆಗುವ ಹುಡುಗಿ, ನಾಳೆ ಬಸುರಿ ಆಗುವವಳು ಎಂದು ಅವ್ವ ತಾಕೀತು ಮಾಡಿದ್ದಳು. ನಡು ಮಧ್ಯಾಹ್ನ ಎಲ್ಲ ಚಪ್ಪರದ ಕೆಲಸದಲ್ಲಿದ್ದಾಗ ನಾನು ನೆಟ್ಟಗೆ ಆ ಮನೆಗೇ ಹೋದೆ.

ದೊಡ್ಡವ್ವ ನನ್ನನ್ನು ನೋಡಿ ಗಾಬರಿಯಾದಳು. "ಅಯ್ಯೋ, ಯಾಕವ್ವ ಬಂದೆ? ಯಾರಾದ್ರೂ ನೋಡಿದ್ರೆ ನಿಂಗೆ ಕೆಟ್ಟ ಮಾತು ಬತ್ತದೆ" ಎಂದು ಬಾಗಿಲು ಓರೆ ಮಾಡಿದಳು. ಬೆಲ್ಲ ತಂದು ಕೊಟ್ಟಳು. ಕಾಲಿಗೆ ಬಿದ್ದೆ. ಬಿದ್ದವಳಿಗೆ ಏಳಲಿಕ್ಕೆ ಆಗಲಿಲ್ಲ, ಮೂರು ವರ್ಷದ ಅಳು ಒಟ್ಟಿಗೆ ಬಂತು. "ನಾನು ಅವತ್ತು ಮಾತಾಡ್ನಿಲ್ಲ ದೊಡ್ಡವ್ವ. ನಿಂಗೂ ಗೊತ್ತು. ಸುಮ್ ಸುಮ್ನೆ ನಿನ್ನ ಹೆಸರು ಹೇಳ್ಬುಟ್ಟೆ. ನೀನ್ಯಾಕೆ ಹೂಂ ಅಂದೆ?"

ಆಕೆ ಕೂತಳು. ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಆಕೆಗೆ ಒಬ್ಬ ಮಗ ಇದ್ದಾನೆ ಎಂದಷ್ಟೇ ನನಗೆ ಗೊತ್ತಿತ್ತು.

"ನಂಗೊಬ್ಬಳು ಮಗಳಿದ್ಲು ಕಣವ್ವ" ಎಂದಳು. "ನೀನಿನ್ನೂ ಹುಟ್ಟಿರ್ನಿಲ್ಲ. ಹಿಂಗೇ ಚೊಚ್ಚಲಿಗೆ ಬಂದಿದ್ಲು. ಅವಳ ತೊಡೆಗೂ ನಿಮ್ಮಜ್ಜಿನೇ ಬೇರು ಕಟ್ಟಿದ್ದು. ಮೂರು ದಿನ. ಮೂರು ದಿನವೂ ನಾನು ಹೊಸಿಲತ್ರ ಕುಂತಿದ್ದೆ. ಬೇರು ಒಲೀತದೆ, ಬೇರು ಒಲೀತದೆ ಅಂತ ಕೈ ಮುಗ್ಕೊಂಡು ಕುಂತಿದ್ದೆ. ನಿಮ್ಮಜ್ಜಿನೂ ನನ್ನ ಜೊತೇಲೇ ಅತ್ರು, ಅವರ ಮ್ಯಾಲೆ ನಂಗೇನೂ ಇಲ್ಲ."

ಸೆರಗಿನ ತುದಿಯಲ್ಲಿ ನನ್ನ ಮುಖ ಒರೆಸಿದಳು.

"ಗಾಡಿ ನಮ್ಮನೇಲೂ ಇತ್ತು ಕಣವ್ವ. ಎತ್ತೂ ಕೊಟ್ಟಿಗೇಲಿದ್ದೋ. ಬೇರು ಕಿತ್ಕೊಂಡು ಬಂದ ಹುಡುಗೀನೂ ಅಲ್ಲೇ ನಿಂತಿದ್ಲು. ನಂಗೆ ಅವತ್ತು ಆ ಸುಳ್ಳು ಹೊಳೀನೇ ಇಲ್ಲ."